ಎಣ್ಣೆ ಕೈ

ಆಗೆಲ್ಲ ನೇಕಾರರ ಊರಾದ ನೆಗಮಂನ ನಮ್ಮ ಮನೆಯಲ್ಲಿ ದೇವರ ಕೋಣೆಗಿಂತ ಹೆಚ್ಚಿನ ಮಡಿ ಮಗ್ಗಕ್ಕಿತ್ತು. ಎಣ್ಣೆ ಕೈಯಲ್ಲಿ ಯಾರೂ ನೂಲು ಮುಟ್ಟುವಂತಿರಲಿಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡ ದಿನ ನಾವು ಮಕ್ಕಳು ಮಗ್ಗದ ಕೋಣೆಯ ಹೊಸ್ತಿಲನ್ನೂ ದಾಟುತ್ತಿರಲಿಲ್ಲ.

ಆ ವರ್ಷ ಮಾರ್ಗಳಿ ತಿಂಗಳ ಚಳಿಗೆ ನನ್ನ ಎದೆ ಕಟ್ಟಿತು. ಕೆಮ್ಮಿ ಕೆಮ್ಮಿ ಪಕ್ಕೆ ನೋಯುತ್ತಿತ್ತು. ಅಮ್ಮ ನೀಲಗಿರಿ ತೈಲದ ಸೀಸೆ ತೆಗೆದಳು. ಅದನ್ನು ಹಾಗೇ ಹಚ್ಚಿದರೆ ಚರ್ಮ ಸುಡುತ್ತದೆಂದು ಬಟ್ಟಲು ಕೊಬ್ಬರಿ ಎಣ್ಣೆಗೆ ನಾಲ್ಕೇ ಹನಿ ಬಿಟ್ಟಳು. ಮೊದಲು ನನ್ನ ಮೊಣಕೈಗೆ ಚೂರು ಸವರಿ, ಉರಿಯಿಲ್ಲವೆಂದು ತಿಳಿದ ಮೇಲೆಯೇ ಎದೆಗೆ, ಬೆನ್ನಿಗೆ. ಮೂಗು, ಕಣ್ಣಿನ ಹತ್ತಿರ ತರುತ್ತಿರಲಿಲ್ಲ. ಬಾಯಿಗಂತೂ ವಿಷ ಎನ್ನುತ್ತಿದ್ದಳು. ಪಕ್ಕದ ಮನೆಯವರು ತೊಟ್ಟಿಲ ಕೂಸಿಗೆಂದು ಕೇಳಿದರೆ ಸೀಸೆಯನ್ನೇ ಕೊಡುತ್ತಿರಲಿಲ್ಲ.

ಅಷ್ಟರಲ್ಲಿ ಅಜ್ಜಿ ಬಾಗಿಲಿಗೆ ಬಂದಳು. ತೈ ಮಾಸದ ಮದುವೆ ಮುಹೂರ್ತದ ಸೀರೆ ಮಗ್ಗದ ಮೇಲೆ ಅರ್ಧಕ್ಕೆ ನಿಂತಿತ್ತು.

"ಕೆಮ್ಮು ಯಾರಿಗೆ ಬರಲ್ಲ? ಎದ್ದು ತರಿಗೆ ಕೂರು, ಮಗ್ಗ ಸುಮ್ನೆ ನಿಂತಿದೆ."

"ಮಗೂಗೆ ಉಸಿರು ಎಳೀತಾ ಇದೆ, ಅತ್ತೆ."

"ಮಲಗಿದ್ರೆ ಸರಿಯಾಗುತ್ತೆ. ನೀ ಎದ್ದೇಳು."

ನಾನು ಅಮ್ಮನ ಸೆರಗು ಹಿಡಿದುಕೊಂಡೆ. ಅಜ್ಜಿಯ ಮಾತನ್ನು ಅಮ್ಮ ಅದುವರೆಗೆ ಎಂದೂ ಮೀರಿದವಳಲ್ಲ. ಅಂದು ಬಟ್ಟಲಿಗೆ ಎರಡೂ ಕೈ ಅದ್ದಿ ಮೊಣಕೈವರೆಗೆ ಬಳಿದುಕೊಂಡಳು. ಆಮೇಲೆ ಆ ಕೈಗಳನ್ನು ಮುಂದೆ ಚಾಚಿದಳು.

"ಈಗ ನೂಲು ಮುಟ್ಟಲಾ, ಅತ್ತೆ?"

"ಏನು ತಿಮಿರು ನಿಂಗೆ! ಸೀಗೆಕಾಯಿ ಹಾಕಿ ತೊಳಿ."

"ತೊಳೆದ್ರೂ ವಾಸನೆ ಹೋಗಲ್ಲ. ತೈಲ ನಾರೋ ಸೀರೆ ಯಾವ ಮದುವೆ ಪೊಣ್ಣು ಉಡ್ತಾಳೆ?"

ಅಜ್ಜಿ ಗೊಣಗುತ್ತಾ ಹೋಗಿ ತಾನೇ ಮಗ್ಗಕ್ಕೆ ಕೂತಳು. ಲಾಳಿಯ ಸದ್ದಿನಲ್ಲೇ ಅವಳ ಸಿಟ್ಟು ಕೇಳುತ್ತಿತ್ತು. ಅಮ್ಮ ನನ್ನ ಬೆನ್ನು ನೀವುತ್ತಾ ಅಲ್ಲೇ ಕೂತಿದ್ದಳು. ಹಗಲು ಹೊತ್ತಿನಲ್ಲಿ ಅಮ್ಮ ಪೂರ್ತಿ ನನ್ನವಳಾಗಿದ್ದು ಅಂದೇ ಮೊದಲು. ಅಜ್ಜಿ ಅದನ್ನು ಬಹಳ ಕಾಲ ಸೊಕ್ಕು ಎಂದೇ ಹೇಳಿಕೊಂಡು ತಿರುಗಿದಳು. ಇರಲಿ, ಅಂಥ ಸೊಕ್ಕು ಎಲ್ಲ ತಾಯಂದಿರಿಗೂ ಬರಲಿ.

ಈಗ ಮಗ್ಗವೂ ಇಲ್ಲ, ಅಮ್ಮನೂ ಇಲ್ಲ. ಶರವಣಂಪಟ್ಟಿಯ ನನ್ನ ಮನೆಯಲ್ಲಿ ತೈಲ ರೋಲ್‌ಆನ್ ಸೀಸೆಯಲ್ಲಿದೆ. ಉರುಳಿಸಿದರಾಯಿತು, ಕೈಗೆ ಏನೂ ಅಂಟುವುದಿಲ್ಲ. ಒಣ ಕೈಗೆ ಎಷ್ಟು ಕೆಲಸ ಬೇಕಾದರೂ ಹೇಳಬಹುದು.

ಮೊನ್ನೆ ಮಗಳು ಕೆಮ್ಮುತ್ತಾ ನನ್ನ ತೊಡೆಯ ಮೇಲೆ ಮಲಗಿದ್ದಾಗ ಕೂಡಲೇ ಬರಬೇಕೆಂದು ಆಫೀಸಿನಿಂದ ಫೋನ್ ಬಂತು. ಬರುವುದಿಲ್ಲ ಎಂದೆ. ಅಂಥದ್ದೇನು ಕಾರಣ ಎಂದು ಕೇಳಿದರು. ಮುಂದೆ ಚಾಚಿ ತೋರಿಸಲು ನನ್ನ ಕೈಯಲ್ಲಿ ಎಣ್ಣೆ ಇರಲಿಲ್ಲ.

ಬರುವುದಿಲ್ಲ ಎಂದು ಇನ್ನೊಮ್ಮೆ ಹೇಳಿದೆ.