ಹಣೆಯ ಹಿಂದಿನ ಮೇಸ್ತ್ರಿ

ಹೋದ ವರ್ಷ ಶ್ರಾವಣದಲ್ಲಿ ನನ್ನ ಬೈಕಿನ ಹಿಂದೆ ಕೂತಿದ್ದ ಅಕ್ಕ ಬಿದ್ದು, ಅವಳ ಹಣೆ ಕಲ್ಲಿಗೆ ಬಡಿಯಿತು. ಇದ್ದ ಒಂದೇ ಹೆಲ್ಮೆಟ್ ನನ್ನ ತಲೆಯ ಮೇಲಿತ್ತು. ಮನೆಯಲ್ಲಿ ಮಾತ್ರ, "ಎಷ್ಟು ಹೇಳಿದ್ರೂ ಅಕ್ಕ ಹಾಕ್ಕೊಳ್ಳಲಿಲ್ಲ" ಎಂದೆ. ವಿರೂಪಾಕ್ಷನ ಭಕ್ತರೇ, ಅದು ಸುಳ್ಳು.

ನಮ್ಮ ಕಂಪ್ಲಿ ಕಡೆ ಭತ್ತದ ನಾಟಿ ಎಂದರೆ ಅಕ್ಕ. ಹನ್ನೆರಡು ಹೆಂಗಸರ ಗುಂಪು ಅವಳದು. ಯಾರ ಗದ್ದೆ ಯಾವತ್ತು, ಯಾರಿಗೆ ಸೊಂಟನೋವು, ಎಲ್ಲ ಅವಳ ತಲೆಯಲ್ಲೇ ಇರುತ್ತಿತ್ತು. ಕೆಸರಿನಲ್ಲಿ ಬಗ್ಗಿ ಅವಳೊಂದು ಸಾಲು ಹಾಡಿದರೆ ಉಳಿದವರು ಎತ್ತಿಕೊಳ್ಳುತ್ತಿದ್ದರು. ಚಿಕ್ಕಂದಿನಲ್ಲಿ ಬದುವಿನ ಮೇಲೆ ಬುತ್ತಿ ಕಾಯುತ್ತ ಕೇಳಿದ ಆ ದನಿ ಇವತ್ತಿಗೂ ನನ್ನ ಕಿವಿಯಲ್ಲಿದೆ.

ಹೊಸಪೇಟೆಯ ಆಸ್ಪತ್ರೆಯಿಂದ ಬಂದವಳು ನಡೆದಾಡಿದಳು, ನಕ್ಕಳು. ಹಳೆಯ ಹಾಡುಗಳೂ ನೆನಪಿದ್ದವು. ಆದರೆ ತೊಳೆದ ಅಕ್ಕಿ ಹಿಡಿದು ನಿಂತೇಬಿಡುತ್ತಿದ್ದಳು.

"ಹಾಡು ನೆನಪೈತಿ, ಅನ್ನ ಮಾಡಾದು ಮರ್ತೈತೇನು? ನಾಟಕ ಮಾಡಬ್ಯಾಡ" ಎಂದು ಬೈದೆ. ಮರುವಾರ ಒಲೆ ಹಚ್ಚಿ ಮರೆತಳು. ಸೆರಗಿಗೆ ಬೆಂಕಿ ಹತ್ತಿತು. ಅವ್ವ ನೀರು ಸುರಿದು ಉಳಿಸಿಕೊಂಡಳು. ಆಮೇಲೆ ಅವಳನ್ನು ಒಂದು ಗಳಿಗೆಯೂ ಒಬ್ಬಳನ್ನೇ ಬಿಡುವಂತಿರಲಿಲ್ಲ.

ಬಸ್ಸಿನಲ್ಲಿ ಮತ್ತೆ ಹೊಸಪೇಟೆಗೆ ಕರೆದೊಯ್ದೆ. ನಾನು ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಲ್ಲಿ ಕಾಂಟ್ರಾಕ್ಟ್ ಕೆಲಸದವನೆಂದು ತಿಳಿದು ಡಾಕ್ಟರು ಕೇಳಿದರು: "ಮೇಸ್ತ್ರಿ ಬರಲಿಲ್ಲಂದ್ರ ಏನಾಗ್ತೈತ್ರಿ?"

"ಆಳು ಎಲ್ಲಾ ಇರ್ತಾರ್ರಿ. ಕೆಲಸ ನಿಂತಿರ್ತೈತಿ."

"ಹಣೆ ಹಿಂದಿನ ಮೆದುಳು ಮೇಸ್ತ್ರಿ ಇದ್ದಂಗ. ಲಕ್ಷ್ಯ ಇಡಾದು, ಕೈಯಾಗಿನ ಕೆಲಸ ನೆನಪಿಡಾದು, ಮುಂದೇನಂತ ಯೋಚಿಸಾದು ಅದರ ಕೆಲಸ. ಪೆಟ್ಟು ಅಲ್ಲೇ ಬಿದ್ದೈತಿ. ನಾಟಕ ಅಲ್ರಿ ಇದು."

ಊರಿನ ಬಸ್ಸು ಹತ್ತಲು ಮನಸ್ಸಾಗಲಿಲ್ಲ. ಹಂಪಿಗೆ ಹೋದೆವು. ವಿರೂಪಾಕ್ಷನ ಮುಂದೆ, ಅಕ್ಕನಿಗೆ ಕೇಳುವಂತೆ, ಹೆಲ್ಮೆಟ್ಟಿನ ಸುಳ್ಳನ್ನು ಒಪ್ಪಿಕೊಂಡೆ. ಅವಳನ್ನು ಮೊದಲಿನಂತೆ ಮಾಡು ತಂದೆ ಎಂದು ಬೇಡಿದೆ.

"ಸುಳ್ಳು ಹೇಳಿದಾಂವ ನೀನು, ಅವ್ವನ ಕೈಲೆ ಬೈಸ್ಕೊಂಡಾಕಿ ನಾನು" ಎಂದಳು ಅಕ್ಕ.

ದೀಪ ಹಚ್ಚಲೆಂದು ಎಲ್ಲವನ್ನೂ ಅವಳ ಮುಂದಿಟ್ಟೆ. ಕೈ ನಿಂತಿತು. ಆ ಸಲ ನಾನು ಬೈಯಲಿಲ್ಲ, ಪಕ್ಕದಲ್ಲೇ ಕುಳಿತು ಕಾದೆ. ಎಷ್ಟೋ ಹೊತ್ತಿನ ಮೇಲೆ ಅವಳು ನಾಟಿಯ ಧಾಟಿಯಲ್ಲಿ ಮೆಲ್ಲಗೆ ಎತ್ತಿದಳು: "ಹಣತಿ ಇಟ್ಟೇನ ತಂದಿ, ಬತ್ತಿ ಹಾಕೇನ, ಎಣ್ಣಿ ಎರದೇನ, ಕಡ್ಡಿ ಗೀರೇನ..." ಹಾಡು ಮುಂದೆ ಹೋದಂತೆ ಕೈ ಅದರ ಹಿಂದೆ ಹೋಯಿತು. ದೀಪ ಹತ್ತಿತು.

ಮನೆಗೆ ಬಂದ ಮೇಲೆ ಅನ್ನಕ್ಕೊಂದು, ಸಾರಿಗೊಂದು ಹಾಡು ಕಟ್ಟಿಕೊಂಡಳು. ಒಲೆ ಆರಿಸುವುದೇ ಕೊನೆಯ ಸಾಲು. ರೂಢಿಯಾಗಲು ತಿಂಗಳುಗಳೇ ಹಿಡಿದವು. ನಾಟಿಯ ಗುಂಪನ್ನು ಈಗ ಬೇರೊಬ್ಬಳು ನಡೆಸುತ್ತಾಳೆ. ಆ ದಿನಗಳು ಮರಳಲಿಲ್ಲ.

ಮೊನ್ನೆ ಸೋಮವಾರ ಶಿಫ್ಟ್ ಮುಗಿಸಿ ಬಂದರೆ ಅವ್ವ ಮನೆಯಲ್ಲಿರಲಿಲ್ಲ, ಸಂತೆಗೆ ಹೋಗಿದ್ದಳು. ಅಕ್ಕ ಒಬ್ಬಳೇ ಇದ್ದಳು. ಒಲೆ ಆರಿತ್ತು, ಅನ್ನ ಬಿಸಿಯಿತ್ತು.

"ನಿಂತು ಏನ್ ನೋಡ್ತೀಲೇ? ಕೈ ತೊಳ್ಕೊಂಡು ಕುಂದ್ರು" ಎಂದಳು.

ನಾನು ಕೇಳಿದ ದಾರಿ ಬಿಟ್ಟು ತನ್ನ ದಾರಿಯಲ್ಲಿ ಅಕ್ಕನನ್ನು ಮರಳಿ ಕೊಟ್ಟ ವಿರೂಪಾಕ್ಷ ತಂದೆಗೆ ಕೈಮುಗಿದು, ಕುಳಿತೆ.