ಲಕ್ಷ್ಮಪ್ಪನ ಕೆರೆಯ ಒಂದು ಮೀನು

"ವಿಭೂತಿ ಹಚ್ಚಿಕೊಂಡು ಮೀನ ಕಳವು ಮಾಡ್ತಿಯೇನಲೇ" ಎಂದು ಲಕ್ಷ್ಮಪ್ಪ ಅಂದ ಮಾತು ಈರಬಸಪ್ಪನಿಗೆ ಇವತ್ತಿಗೂ ಇಳಿದಿಲ್ಲ. ಊಟಕ್ಕೆ ಕೂತಾಗ ನೆನಪಾದರೆ ತಾಟು ಸರಿಸಿ ಎದ್ದುಬಿಡುತ್ತಾನೆ. ಬರೀ ಮಾತಾಗಿದ್ದರೆ ಮರೆಯಬಹುದಿತ್ತು. ಲಕ್ಷ್ಮಪ್ಪ ಅವತ್ತು ಇವನ ಕೈಯೊಳಗಿನ ಬಿದಿರು ಗಾಳ ಕಸಿದುಕೊಂಡು, ಮೊಣಕಾಲಿಗೆ ಕೊಟ್ಟು ಮುರಿದು ನೀರಿಗೆ ಒಗೆದಿದ್ದ. ದಂಡೆಯ ಮೇಲೆ ಅರಿವೆ ಒಗೆಯುತ್ತಿದ್ದ ಹೆಂಗಸರು ಸೆರಗು ಬಾಯಿಗೆ ಹಿಡಿದು ನಕ್ಕಿದ್ದರು.

ಲಕ್ಷ್ಮಪ್ಪ ಮೀನಿನ ಗುತ್ತಿಗೆದಾರ. ಕಲಘಟಗಿ ದಾಟಿ ದೇವಿಕೊಪ್ಪದ ಕಡೆ ಹೋದರೆ ರಸ್ತೆಯ ಬಾಜು ಒಂದು ಕೆರೆ ಸಿಗುತ್ತದೆ. ಅದಕ್ಕೆ ಮರಿ ಬಿಡುವವನೂ ಅವನೇ, ಕಾಯುವವನೂ ಅವನೇ, ಬಲೆ ಹಾಕುವವನೂ ಅವನೇ. ಗಾಳ ಹಿಡಿದು ಕೂತವರೆಲ್ಲ ಅವನ ಕಣ್ಣಿಗೆ ಕಳ್ಳರು. ಅದು ತಪ್ಪಲ್ಲ. ಆದರೆ ಈರಬಸಪ್ಪ ಆ ಕೆರೆಯಿಂದ ಒಂದು ಮೀನನ್ನೂ ಮನೆಗೆ ಒಯ್ದವನಲ್ಲ. ಹಿಡಿದದ್ದನ್ನೆಲ್ಲ ತಿರುಗಿ ನೀರಿಗೇ ಬಿಟ್ಟಿದ್ದ. ಹಾಗಂತ ಹೇಳಿದಾಗ ಲಕ್ಷ್ಮಪ್ಪ ಇನ್ನೂ ಜೋರಾಗಿದ್ದ. "ತಿನ್ನಂಗಿಲ್ಲಂತ, ಮಾರಂಗಿಲ್ಲಂತ, ಹಿಡದು ಬಿಡ್ತಾನಂತ. ನಂಬಾಕ ನನಗೇನ ಹುಚ್ಚ ಹಿಡದೈತಿ?"

ನಂಬುವುದು ಕಷ್ಟವೇ. ಈರಬಸಪ್ಪ ಯರಗುಪ್ಪಿಯವ. ಕೊರಳಲ್ಲಿ ಲಿಂಗ, ಮನೆಯೊಳಗೆ ತತ್ತಿಯ ಹೆಸರನ್ನೂ ಎತ್ತುವಂತಿಲ್ಲ. ಸಣ್ಣವನಿದ್ದಾಗ ಶಾಲೆ ತಪ್ಪಿಸಿ ಗೆಳೆಯ ಸಿರಾಜುದ್ದೀನನ ಜೊತೆ ಬೆಣ್ಣಿಹಳ್ಳದ ಮಡುವಿನಲ್ಲಿ ಗಾಳ ಹಾಕಿ ಕೂರುತ್ತಿದ್ದ. ಸಿರಾಜುದ್ದೀನ ತನ್ನ ಮೀನು ಮನೆಗೆ ಒಯ್ಯುತ್ತಿದ್ದ. ಇವನು ಒಯ್ದರೆ ಬೆನ್ನು ಮುರಿಯುತ್ತಿತ್ತು, ಅದಕ್ಕೆ ಬಿಡುತ್ತಿದ್ದ. ಶಾಲೆ ಬಿಟ್ಟುಹೋಯಿತು, ಗಾಳ ಉಳಿಯಿತು.

ಈಗ ಒಂದು ಮಿನಿ ಟೆಂಪೊ ಇಟ್ಟುಕೊಂಡು ಬಾಡಿಗೆ ಹೊಡೆಯುತ್ತಾನೆ. ಸಿಟ್ಟಿನ ಮನುಷ್ಯ. ಹಮಾಲರ ಮೇಲೆ, ಟೋಲಿನವರ ಮೇಲೆ, ಎದುರು ಬರುವ ಎಮ್ಮೆಯ ಮೇಲೆ, ಯಾರ ಮೇಲಾದರೂ ಸರಿ. "ಇವರ ಗಾಡಿಗೆ ಹಾರ್ನ್ ಬ್ಯಾಡ" ಎಂದು ಹೆಂಡತಿ ಸುನಿತಾ ಅನ್ನುತ್ತಾಳೆ. ಗಾಳ ಹಾಕಿ ಕೂತಾಗ ಮಾತ್ರ ಅವನ ಬಾಯಿ ತಾನಾಗಿ ಕಟ್ಟುತ್ತದೆ. ಕೂತು ಬಂದ ಮೇಲೆ ಒಂದೆರಡು ದಿನ ಮನೆಯೂ ತಣ್ಣಗಿರುತ್ತದೆ. ಸುನಿತಾಗೆ ಎಲ್ಲ ಗೊತ್ತು. ಎಲ್ಲಿಗೆ ಹೋಗಿದ್ದಿರಿ ಎಂದು ಕೇಳುವುದಿಲ್ಲ, ಹಿತ್ತಲಲ್ಲಿ ಬಿಸಿನೀರು ಇಟ್ಟು "ಜಳಕಾ ಮಾಡೇ ಒಳಗ ಬರ್ರಿ" ಅನ್ನುತ್ತಾಳೆ, ಅಷ್ಟೇ.

ಗೊತ್ತಿಲ್ಲದೆ ಇದ್ದವಳು ಮಗಳು ಐಶ್ವರ್ಯ. ಕಾಲೇಜಿನ ಎರಡನೆಯ ವರ್ಷ. ಡ್ರೈವಿಂಗ್ ಲೈಸೆನ್ಸ್ ತೆಗೆಸಿದ್ದಳು, ಅಪ್ಪ ಸ್ಟೇರಿಂಗ್ ಮುಟ್ಟಗೊಟ್ಟಿರಲಿಲ್ಲ. ಕಳೆದ ಮಳೆಗಾಲದಲ್ಲಿ ದೇವಿಕೊಪ್ಪದ ಒಬ್ಬ ಡೇರಿಯವನಿಗೆ ಶೇಂಗಾ ಹೊಟ್ಟು ಒಯ್ಯುವ ಬಾಡಿಗೆ ಬಂತು. ಕಾಲೇಜಿಗೆ ರಜೆ ಇತ್ತು. ದಾರಿಯಲ್ಲಿ ಎಲ್ಲಾದರೂ ಗಾಡಿ ಕೈಗೆ ಸಿಗಬಹುದೆಂದು ಐಶ್ವರ್ಯ ಬಾಜು ಸೀಟಿಗೆ ಹತ್ತಿ ಕೂತಳು.

ಹುಬ್ಬಳ್ಳಿ ದಾಟುವ ಹೊತ್ತಿಗೆ ಜಿಟಿಜಿಟಿ ಮಳೆ ಹತ್ತಿತು. ಮುಂದಿನ ಗಾಜು ಒರೆಸಲು ಅರಿವೆ ಹುಡುಕುತ್ತ ಸೀಟಿನ ಬುಡಕ್ಕೆ ಕೈ ಹಾಕಿದಳು. ಒಂದು ಡಬ್ಬಿ ಸಿಕ್ಕಿತು.

"ಅಪ್ಪಾ, ಏನಿದು?"

"ದಾರ."

"ಇದಕ್ಕ ಮುಳ್ಳ ಐತಿ."

"ಹಂಗಾರ ಗಾಳ. ಸಿರಾಜುದ್ದೀನಂದು. ಮುಚ್ಚಿ ಇಡು."

"ಸಿರಾಜು ಕಾಕಾ ಊರು ಬಿಟ್ಟು ಯಾವ ಕಾಲ ಆತು. ದಾರ ಹೊಸಾದೈತಿ."

ಈರಬಸಪ್ಪ ಮುಂದೆ ಹೋಗುತ್ತಿದ್ದ ಬೈಕಿನವನನ್ನು ಬೈದ. ಬೈಕಿನವ ತನ್ನ ಪಾಡಿಗೆ ತಾನು ಹೋಗುತ್ತಿದ್ದ.

ಎರೆಮಣ್ಣು ಹಿಂದೆ ಬಿತ್ತು, ಕೆಂಪು ಮಣ್ಣು, ಭತ್ತದ ಗದ್ದೆ, ಆಮೇಲೆ ಸಾಗವಾನಿ ಗಿಡಗಳು. ಕೆರೆ ಕಂಡ ಕೂಡಲೇ ಈರಬಸಪ್ಪ ಕಿಟಕಿಯಿಂದ ಥೂ ಎಂದು ಉಗುಳಿದ. ಆ ದಾರಿಯಲ್ಲಿ ಹೋದಾಗಲೆಲ್ಲ ಅವನು ಉಗುಳುತ್ತಾನೆ.

"ಕೆರಿ ಏನ ಮಾಡೇತಿ ನಿನಗ?" ಎಂದಳು ಮಗಳು.

ಈ ಹುಡುಗಿಯ ಹತ್ತಿರ ಸುಳ್ಳು ನಿಲ್ಲುವುದಿಲ್ಲ ಎಂದು ಅವನಿಗೆ ಆಗಲೇ ಗೊತ್ತಾಗಿತ್ತು. ಹೇಳಿದ. ಬೆಣ್ಣಿಹಳ್ಳದಿಂದ ಹಿಡಿದು ಮುರಿದ ಗಾಳದ ತನಕ ಎಲ್ಲ ಹೇಳಿದ. ಅವಳು ನಗು ತಡೆದುಕೊಳ್ಳುವುದು ಕಂಡಿತು.

"ನೀನೂ ನಗತೀಯೇನು?"

"ಇಲ್ಲ. ಹಿಡದು ಬಿಡೂದಕ್ಕ ಇಷ್ಟ ದೂರ ಬರತಿದ್ದಿಯಲ್ಲ, ಅದಕ್ಕ." ಆಮೇಲೆ ಕೇಳಿದಳು, "ಅವತ್ತಿಂದ ಈ ಕೆರಿಗಿ ಬಂದೇ ಇಲ್ಲ?"

"ಇಲ್ಲ."

"ಕಳವು ಮಾಡಿಲ್ಲಂದ್ರ ಯಾಕ ಬರಲಿಲ್ಲ? ಅಂವಗ ಅಂಜಿದೇನು?"

ಬೇರೆ ಯಾರು ಅಂದಿದ್ದರೂ ಕೆಳಗೆ ಇಳಿಸಿ ಹೋಗುತ್ತಿದ್ದ. ದೇವಿಕೊಪ್ಪ ಮುಟ್ಟಿ ಹೊಟ್ಟು ಇಳಿಸಿದ. ಹೊಳ್ಳಿ ಬರುವಾಗ ಕೆರೆಯ ಹತ್ತಿರ ಗಾಡಿ ತರುಬಿದ. ಈಗ ಅಂಜಿಕೆ ಬಂದದ್ದು ಖರೆ, ಲಕ್ಷ್ಮಪ್ಪನದಲ್ಲ. ಮಗಳ ಮುಂದೆ ಅದೇ ಮಾತು ಮತ್ತೊಮ್ಮೆ ಬಿದ್ದರೆ ಮನೆಯಲ್ಲಿ ಯಾವ ಮುಖ ಇಟ್ಟುಕೊಂಡು ಇರುವುದು ಎಂದು. ಆದರೂ ಡಬ್ಬಿ ಕೈಗೆ ತೆಗೆದುಕೊಂಡು ಇಳಿದ. "ನಡಿ, ಹೋಗೂಣು."

ಲಕ್ಷ್ಮಪ್ಪ ಬೋರಲು ಹಾಕಿದ ತೆಪ್ಪದ ಮೇಲೆ ಕೂತು ಬಲೆ ಹೆಣೆಯುತ್ತಿದ್ದ. ಮೀಸೆ ಬೆಳ್ಳಗಾಗಿತ್ತು, ಕನ್ನಡಕ ಬಂದಿತ್ತು. ತಲೆ ಎತ್ತಿ ನೋಡಿ, "ಯಾರ್ರಿ? ಏನ ಬೇಕಾಗಿತ್ರಿ?" ಎಂದು ಮರ್ಯಾದೆಯಿಂದ ಕೇಳಿದ.

ಗುರುತು ಹತ್ತಲಿಲ್ಲ ಅವನಿಗೆ. ಇಷ್ಟು ವರ್ಷ ಸ್ಟೇರಿಂಗ್ ಹಿಡಿದು ಒಬ್ಬನೇ ಹೊಂದಿಸಿ ಇಟ್ಟಿದ್ದ ಬೈಗುಳವೆಲ್ಲ ಈರಬಸಪ್ಪನ ಬಾಯಲ್ಲೇ ಉಳಿಯಿತು. ಮಗಳೇ ಮುಂದೆ ಬಂದಳು.

"ಕಾಕಾ, ನಮ್ಮಪ್ಪನ ಗಾಳಾ ನೀವು ಮುರದಿದ್ರಿ."

"ನಾ ಭಾಳ ಮಂದೀದು ಮುರದೀನಿ ತಂಗಿ."

"ಹಿಡದು ಬಿಡಾವ್ರು ಇವರು."

ಲಕ್ಷ್ಮಪ್ಪ ಕನ್ನಡಕ ಮೇಲೇರಿಸಿ ಈರಬಸಪ್ಪನ ಹಣೆ ನೋಡಿದ. "ಓ. ವಿಭೂತಿ. ಇನ್ನೂ ಬಿಡಾಕತ್ತೀಯೇನು?"

"ಬಿಡಾಕತ್ತೀನಿ."

"ಹಂಗಾರ ಕುಂದರು. ನನ್ನ ಮುಂದ ಬಿಡು, ನೋಡತೀನಿ."

ಈರಬಸಪ್ಪ ಒಂದು ಹಸಿ ಬಿದಿರು ಕಡಿದು ದಾರ ಕಟ್ಟಿದ. ಬುತ್ತಿಯ ರೊಟ್ಟಿ ಚೂರಿಗೆ ಪುಠಾಣಿ ಹಿಟ್ಟು ಕಲಸಿ, ನಾದಿ, ಮುಳ್ಳಿಗೆ ಹಚ್ಚಿದ.

"ಎರಿಹುಳಾ ಹಚ್ಚೂದಿಲ್ಲೇನು?"

"ಇಲ್ಲ."

"ಮೀನಕ್ಕೂ ಜ್ವಾಳದ ರೊಟ್ಟಿ ತಿನಸ್ತಾನ ನೋಡವಾ ನಿಮ್ಮಪ್ಪ" ಎಂದು ಲಕ್ಷ್ಮಪ್ಪ ಬಲೆಗೆ ಕೈ ಹಾಕಿದ. ಕಣ್ಣು ಮಾತ್ರ ನೀರಲ್ಲಿ ತೇಲುತ್ತಿದ್ದ ಗಾಳದ ಬೆಂಡಿನ ಮೇಲೇ ಇತ್ತು.

ಅಪ್ಪ ಹಾಗೆ ಕೂತದ್ದನ್ನು ಐಶ್ವರ್ಯ ಎಂದೂ ನೋಡಿರಲಿಲ್ಲ. ಅವಳಿಗೆ ಗೊತ್ತಿದ್ದ ಅಪ್ಪ ಚಹಾ ಬರುವ ತನಕವೂ ಸುಮ್ಮನೆ ಕೂರುವವನಲ್ಲ. ಒಂದು ಸಲ "ಅಪ್ಪಾ" ಎಂದಾಗ ಬೆರಳು ಎತ್ತಿ ತೋರಿಸಿದ, ಬೈಯಲಿಲ್ಲ.

ಬೆಂಡು ಮುಳುಗಿತು. ಒಂದು ಎಳೆಯ ರೋಹು ಮೀನು ಬಂತು. ಈರಬಸಪ್ಪ ಮೊದಲು ಕೈ ಎರಡೂ ತೋಯಿಸಿಕೊಂಡ, ತುಟಿಯಿಂದ ಮುಳ್ಳು ಬಿಡಿಸಿದ, ಮೀನನ್ನು ನೀರಿನೊಳಗೆ ಹಿಡಿದುಕೊಂಡು ಕೂತ. ಅದು ತಾನೇ ಬಾಲ ಬಡಿದು ಹೋಗುವ ತನಕ ಕೈ ತೆಗೆಯಲಿಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಬಂತು. ಅದಕ್ಕೂ ಹಾಗೇ ಮಾಡಿದ.

ಲಕ್ಷ್ಮಪ್ಪ ಬಲೆ ಬಿಟ್ಟು ಎದ್ದು ಬಂದು ಹತ್ತಿರ ಕೂತ. "ಹಿಂಗ ಬಿಡೂದಿದ್ರ ಅವತ್ತ ಹೇಳಬೇಕಿಲ್ಲೋ."

"ಹೇಳಿದ್ದೆ."

"ಹೌದಾ?" ಎಂದು ಲಕ್ಷ್ಮಪ್ಪ ನೀರು ನೋಡಿದ. ಆಮೇಲೆ ಐಶ್ವರ್ಯಳ ಕಡೆ ಹೊರಳಿ ಅಂದ, "ನಿಮ್ಮಪ್ಪ ಕಳ್ಳ ಅಲ್ಲ ತಂಗಿ. ಈ ಕೆರಿದು ಅವನ ಕಡೆ ಏನೂ ಬಾಕಿ ಇಲ್ಲ."

ಈರಬಸಪ್ಪನಿಗೆ ಬೇಕಾಗಿದ್ದದ್ದು ಇದೇ. ಅವನಿಗೆ ಹಿಗ್ಗಾಯಿತು. ಗಾಳವನ್ನು ಮಗಳ ಕೈಗೆ ಕೊಟ್ಟು, "ಬೆಂಡ ಮುಳುಗಿದ ಕೂಡ್ಲೆ ಸಣ್ಣಗ ಎಳಿ" ಎಂದು ಹೇಳಿ ಲಕ್ಷ್ಮಪ್ಪನ ಜೊತೆ ಮಾತಿಗೆ ಕೂತ. ಬೆಣ್ಣಿಹಳ್ಳದ ಮಡುವಿನಲ್ಲಿ ಸಿರಾಜುದ್ದೀನನನ್ನೇ ಎಳೆದುಕೊಂಡು ಹೋದ ಮೀನಿನ ಕಥೆ ಶುರುವಾಯಿತು. ಐಶ್ವರ್ಯ "ಅಪ್ಪಾ" ಎಂದಳು. ಅವನು ಕೈಯಲ್ಲಿ ಮೀನಿನ ಅಳತೆ ತೋರಿಸುತ್ತಿದ್ದ. "ಅಪ್ಪಾ, ಮುಳುಗೇತಿ" ಎಂದಳು. ಹೊರಳಿ ನೋಡುವಷ್ಟರಲ್ಲಿ ಅವಳು ಗಾಬರಿಯಿಂದ ಜಗ್ಗಿಬಿಟ್ಟಿದ್ದಳು. ಅಂಗೈಗಿಂತ ತುಸು ದೊಡ್ಡ ಕಾಟ್ಲಾ ಮೀನು ದಂಡೆಗೆ ಬಿತ್ತು. ಮುಳ್ಳು ಗಂಟಲಿಗೆ ಇಳಿದಿತ್ತು, ಕಿವಿರಿನಿಂದ ರಕ್ತ.

ಈರಬಸಪ್ಪ ದಾರ ಕತ್ತರಿಸಿ ಅದನ್ನು ನೀರಿನೊಳಗೆ ಹಿಡಿದು ಕೂತ. ಬಹಳ ಹೊತ್ತು ಕೂತ. ಬಾಲ ಅಲುಗಲಿಲ್ಲ. ಕೈ ಬಿಟ್ಟರೆ ಹೊಟ್ಟೆ ಮೇಲಾಗಿ ತೇಲುತ್ತ ಒಳಗೆ ಹೋಯಿತು. ಎಲ್ಲಿತ್ತೋ ಒಂದು ಹದ್ದು, ಬಂದು ಎತ್ತಿಕೊಂಡು ಸಾಗವಾನಿ ಗಿಡಗಳ ಆಚೆ ಹೋಯಿತು. ಮೂವರೂ ತಲೆ ಎತ್ತಿ ನೋಡಿದರು.

"ನಾ ಕೊಂದ್ನ್ಯಾ?" ಎಂದಳು ಐಶ್ವರ್ಯ. ಬೈಗುಳಕ್ಕೆ ಹೆಗಲು ಕುಗ್ಗಿಸಿಕೊಂಡೇ ನಿಂತಿದ್ದಳು.

"ನೀ ಎರಡ ಸಲ ಕರದಿ. ನಾನ ಮಾತಿನಾಗ ಇದ್ದೆ" ಎಂದ ಈರಬಸಪ್ಪ. "ಇದು ನನ್ನ ಲೆಕ್ಕಕ್ಕ."

ಹುಟ್ಟಿದಾಗಿನಿಂದ ಅಪ್ಪನ ಬಾಯಲ್ಲಿ ಇಂಥ ಮಾತು ಕೇಳಿರದ ಹುಡುಗಿ ಅವನ ಮುಖವನ್ನೇ ನೋಡಿದಳು. ಅವನು ಅಂಗಿ ಕಿಸೆಗೆ ಕೈ ಹಾಕಿದ. ಲಕ್ಷ್ಮಪ್ಪ ಬೇಡವೆಂದು ತಲೆ ಅಲ್ಲಾಡಿಸಿದ.

"ರೊಕ್ಕ ತಗೊಂಡ್ರ ನೀ ಗಿರಾಕಿ ಆಗತಿ. ಮೀನ ಹೋಗೇತಿ, ಮೀನ ಕೊಡು. ಒಂದ ಹಿಡದು ಈ ಬುಟ್ಯಾಗ ಹಾಕು, ಮುಗೀತು."

ನ್ಯಾಯದ ಮಾತು. ಹೊಸ ಮುಳ್ಳು ಕಟ್ಟಿ ಈರಬಸಪ್ಪ ಮತ್ತೆ ಕೂತ. ಮೀನೂ ಬಂತು. ಲಕ್ಷ್ಮಪ್ಪ ಬುಟ್ಟಿ ಮುಂದೆ ಹಿಡಿದ. ಈರಬಸಪ್ಪ ಬುಟ್ಟಿ ನೋಡಿದ, ಕೈಯೊಳಗೆ ಒದ್ದಾಡುವ ಮೀನು ನೋಡಿದ, ಮಗಳನ್ನು ನೋಡಿದ. ಕೂತು, ನೀರಿನೊಳಗೆ ಕೈ ಇಳಿಸಿದ. ಮೀನು ಬಾಲ ಬಡಿದು ಹೋಯಿತು.

"ಇದೂ ಹೋತು" ಎಂದ ಲಕ್ಷ್ಮಪ್ಪ. "ಇನ್ನೊಮ್ಮೆ ಬಂದಾಗ ಕೊಡು."

ಗಾಡಿಯ ಹತ್ತಿರ ಬಂದ ಮೇಲೆ ಈರಬಸಪ್ಪ ಕೀಲಿಕೈಯನ್ನು ಮಗಳ ಕೈಗೆ ಹಾಕಿದ. ಕಲಘಟಗಿ ಬರುವ ತನಕ "ಕ್ಲಚ್ ಒತ್ತಬೇ, ಕ್ಲಚ್" ಎಂದು ಒದರಿದ. ಅವಳು ಗಾಡಿ ಬಾಜು ಹಾಕಿ, "ಒದರಬ್ಯಾಡ. ಮೀನ ಹಿಡಿಯಾಕ ಕುಂತಂಗ ಕುಂದರು" ಎಂದಳು. ಹುಬ್ಬಳ್ಳಿ ತನಕ ಹಲ್ಲು ಕಚ್ಚಿ ಕೂತ. ಹುಬ್ಬಳ್ಳಿಯ ಟ್ರಾಫಿಕ್ಕಿನಲ್ಲಿ ಮಾತ್ರ ತಡೆಯಲಾಗಲಿಲ್ಲ.

ಆಮೇಲೆ ದೇವಿಕೊಪ್ಪದ ಬಾಡಿಗೆ ಬಂದಾಗಲೆಲ್ಲ ಗಾಡಿ ಮಗಳು ಹೊಡೆಯುತ್ತಾಳೆ. ಹೊಟ್ಟು ಇಳಿಸಿ ಇಬ್ಬರೂ ಕೆರೆಯ ದಂಡೆಗೆ ಹೋಗುತ್ತಾರೆ. ಗಾಳ ಮುರಿದದ್ದು ತಪ್ಪಾಯಿತು ಎಂದು ಲಕ್ಷ್ಮಪ್ಪ ಇನ್ನೂ ಅಂದಿಲ್ಲ, ಅನ್ನುವ ಹಾಗೂ ಕಾಣುವುದಿಲ್ಲ. ಆ ಸಿಟ್ಟು ಈರಬಸಪ್ಪನಲ್ಲಿ ಹಾಗೇ ಇದೆ. "ನಾ ಒಂದ ಹಾಕಿಬಿಡ್ಲ್ಯಾ ಬುಟ್ಯಾಗ?" ಎಂದು ಐಶ್ವರ್ಯ ಒಮ್ಮೆ ಕೇಳಿದಳು. "ಸಾಲ ನಂದು, ನೀ ಸುಮ್ಮನಿರು" ಎಂದ.

ಇವರ ಗಾಡಿ ಕಂಡ ಕೂಡಲೇ ಲಕ್ಷ್ಮಪ್ಪ ತೆಪ್ಪದ ಮೇಲಿಂದ ಎದ್ದು ಬುಟ್ಟಿ ತಂದು ಮುಂದಿಡುತ್ತಾನೆ. ಹೊತ್ತು ಇಳಿದ ಮೇಲೆ ಖಾಲಿ ಬುಟ್ಟಿ ಎತ್ತಿಕೊಂಡು ಹೋಗುತ್ತಾನೆ.