ದಂಡದ ಕರೆ

ಬೀದಿಯವರೆಲ್ಲ ಅವನನ್ನು ತುತ್ತೂರಿ ತಾತ ಅನ್ನುತ್ತಿದ್ದರು. ಅರ್ಧ ಆಯಸ್ಸು ಸೈನ್ಯದಲ್ಲಿ ಬ್ಯೂಗಲ್ ಊದಿ ಬಂದವನು, ಈಗ ಮುಂಗೋಣೆಯಲ್ಲಿ ಕೂತು ಬ್ಯಾಂಡಿನವರ ಸೊಟ್ಟಗಾದ ಹಿತ್ತಾಳೆ ವಾದ್ಯಗಳ ತಗ್ಗು ಎಬ್ಬಿಸುತ್ತಿದ್ದ. ಉಸಿರು ಇನ್ನೂ ಗಟ್ಟಿ. ಸಿಟ್ಟಂತೂ ಮೂಗಿನ ತುದಿಯಲ್ಲೇ.

ಸೈನ್ಯದಲ್ಲಿ ಏಳುವುದಕ್ಕೊಂದು ಬ್ಯೂಗಲ್ ಕರೆ, ಊಟಕ್ಕೊಂದು, ಸತ್ತವರನ್ನು ಕಳಿಸಿಕೊಡಲು ಒಂದು. ತಪ್ಪು ಮಾಡಿದವರಿಗೂ ಒಂದಿತ್ತು: ದಂಡದ ಕರೆ. ಅದು ಕಿವಿಗೆ ಬಿದ್ದರೆ ತಪ್ಪಿತಸ್ಥ ಬೆನ್ನಿಗೆ ಹೊರೆ ಕಟ್ಟಿಕೊಂಡು ಮೈದಾನಕ್ಕೆ ಓಡಬೇಕು, ಸಾಕೆನ್ನುವವರೆಗೆ ಸುತ್ತಬೇಕು. ತಾತನ ಪಕ್ಕದ ಮಂಚದ ಗೆಳೆಯ ಒಂದು ಮಧ್ಯಾಹ್ನ ಸುಡುವ ಜ್ವರದಲ್ಲಿ ಹಾಗೆ ಓಡಿದ. ಬೆಳಗಿನ ಕವಾಯತಿಗೆ ಏಳಲಾಗಲಿಲ್ಲ, ಅದೇ ಅವನ ತಪ್ಪು.

“ಜ್ವರ ಅಂತೆ ಜ್ವರ! ಎಲ್ಲಾ ನಾಟಕ. ಊದು,” ಅಂದ ಅವರ ಪಡೆಯ ಕರ್ನಲ್. ತಾತ ಊದಿದ. ಗೆಳೆಯ ಮೈದಾನದಲ್ಲೇ ಬಿದ್ದವನು ಮತ್ತೆ ಏಳಲಿಲ್ಲ. ಅವನ ತಾಯಿಗೆ ‘ನಿಮ್ಮ ಮಗ ದೇಶಕ್ಕಾಗಿ ಪ್ರಾಣ ಕೊಟ್ಟ’ ಎಂದು ಹೇಳಿಕಳಿಸಿದರು. ಪಾಪ, ಆ ಮುದುಕಿ ಸಾಯುವವರೆಗೂ ಅದನ್ನೇ ನಂಬಿ ಬೀಗಿದಳು. ಥೂ, ಎಂಥ ಬಾಳಯ್ಯಾ!

ಕರ್ನಲ್ ನಿವೃತ್ತನಾಗಿ ಇದೇ ಊರು ಸೇರಿದ. ಶಾಲೆ ಶಾಲೆಗೆ ಹೋಗಿ ‘ಸೈನಿಕನ ಬಾಳಿಗಿಂತ ಗೌರವದ ಬಾಳಿಲ್ಲ’ ಎಂದು ಭಾಷಣ ಬಿಗಿದ. ಕೊನೆಗೆ ತುಂಬು ವಯಸ್ಸಿನಲ್ಲಿ, ಮೆತ್ತನೆಯ ಹಾಸಿಗೆಯ ಮೇಲೆ, ನಿದ್ದೆಯಲ್ಲೇ ಸತ್ತ. ಅಂತ್ಯಯಾತ್ರೆಗೆ ತಾತನೇ ವಿದಾಯದ ಕರೆ ಊದಬೇಕೆಂದು ಅವನ ಮಗಳು ಹೇಳಿಕಳಿಸಿದಳು.

“ಊದಿ ಬನ್ನಿ. ಸತ್ತೋರ ಮೇಲೆ ಎಂಥಾ ಹಗೆ?” ಅಂದಳು ಹೆಂಡತಿ. “ಸೈನ್ಯದ ಅನ್ನ ತಿಂದೋರು ನೀವು. ಉಂಡ ಮನೆಗೆ ಎರಡು ಬಗೀಬಾರ್ದು.”

“ಮನೆಗೆ ಯಾರೇ ಎರಡು ಬಗೆದಿದ್ದು? ಗಡಿ ಕಾಯೋನಿಗೆ ಇವತ್ತೂ ಕೈ ಮುಗೀತೀನಿ. ಆ ಮನೇಲಿ ಸೇರ್ಕೊಂಡಿದ್ದ ಹೆಗ್ಗಣಕ್ಕೂ ಮುಗೀಬೇಕಾ?”

“ಹಾಗಾದ್ರೆ ಹೋಗ್ಲೇಬೇಡಿ.”

“ಹೋಗ್ದೆ ಇರ್ತೀನಾ!” ಎಂದು ಅವನು ಬ್ಯೂಗಲ್ ತಿಕ್ಕತೊಡಗಿದ. ಅದನ್ನು ನೋಡಿಯೇ ಅವನು ಏನೋ ಹೂಡಿದ್ದಾನೆಂದು ಅವಳಿಗೆ ಗೊತ್ತಾಯಿತು.

ಬಾವುಟ ಹೊದಿಸಿದ ಶವಪೆಟ್ಟಿಗೆಯ ಸುತ್ತ ಊರೇ ನೆರೆದಿತ್ತು. ಒಂದು ಬದಿಗೆ ಪದಕ ಚುಚ್ಚಿಕೊಂಡ ಮಾಜಿ ಸೈನಿಕರು ಸಾಲಾಗಿ ನಿಂತು ಸೆಲ್ಯೂಟಿಗೆ ಕೈ ಎತ್ತಿದ್ದರು. ವಿದಾಯದ ಕರೆ ನಿಧಾನದ್ದು, ಉದ್ದದ್ದು. ತಾತನ ಬ್ಯೂಗಲ್ಲಿನಿಂದ ಹೊರಟದ್ದು ಗಡಿಬಿಡಿಯದು, ಗದರಿಸುವಂಥದು. ಊರಿನವರಿಗೇನು ಗೊತ್ತು? ತಲೆ ಬಾಗಿಸಿ ಕಣ್ಣೊರೆಸಿಕೊಂಡರು. ಸೈನಿಕರ ಸಾಲಿನಲ್ಲಿ ಕೋಲೂರಿ ನಿಂತಿದ್ದ, ತಾತನ ಪಡೆಯಲ್ಲೇ ಇದ್ದ ಹವಾಲ್ದಾರನ ಕಾಲು ಮಾತ್ರ ಓಡಲೆಂದು ತಾನಾಗಿ ಮುಂದೆ ಬಂತು. ತಟ್ಟನೆ ಅವನಿಗೆ ಕರೆ ಯಾರಿಗೆಂದು ಹೊಳೆಯಿತು. ಎತ್ತಿದ್ದ ಕೈ ಇಳಿಸಿದ. ಅವನನ್ನು ನೋಡಿ ಪಕ್ಕದವನು ಇಳಿಸಿದ. ಸಾಲಿನಲ್ಲಿ ಒಂದು ಕೈಯೂ ಹಣೆಯ ಹತ್ತಿರ ಉಳಿಯಲಿಲ್ಲ. ಇಷ್ಟು ವರ್ಷ ಹೊಟ್ಟೆಯಲ್ಲಿ ಕುದ್ದದ್ದನ್ನೆಲ್ಲ ಸೇರಿಸಿ ತಾತ ಇನ್ನೊಮ್ಮೆ ಊದಿದ. ಹಾಯೆನಿಸಿತು.

ಎಲ್ಲ ಮುಗಿದ ಮೇಲೆ ಮಗಳು ಬಂದು ಅವನ ಕೈ ಹಿಡಿದುಕೊಂಡಳು. “ಅಪ್ಪನ್ನ ಎಷ್ಟು ಗೌರವದಿಂದ ಕಳಿಸಿಕೊಟ್ರಿ! ನಿಮ್ಮ ಉಪಕಾರ ಮರೆಯೋಲ್ಲ.”

ತಾತನಿಗೆ ಮೈಯೆಲ್ಲ ಉರಿದುಹೋಯಿತು. ಹೊಡೆದ ಏಟು ಆ ಮನೆಗೇ ತಾಗಲಿಲ್ಲವೆಂದರೆ ಅದೆಂಥ ಸೇಡು? ಅಲ್ಲೇ ನಿಂತು ಎಲ್ಲವನ್ನೂ ಹೇಳಿದ: ಊದಿದ್ದು ಯಾವ ಕರೆ, ಗೆಳೆಯನ ಜ್ವರ, ಆ ಮಧ್ಯಾಹ್ನ, ತಾಯಿಗೆ ಹೇಳಿದ ಸುಳ್ಳು. ಅವಳು ಹಿಡಿದಿದ್ದ ಕೈ ಬಿಟ್ಟಳು. ಹವಾಲ್ದಾರನ ಕಡೆ ತಿರುಗಿದಳು. ಅವನು ಹೌದೆಂದು ತಲೆಯಾಡಿಸಿದ.

“ಅಪ್ಪ ಹೇಳಿದ್ರು, ಸರಿ. ಊದಿದ್ದು ನೀವೇ ಅಲ್ವಾ?” ಅಂದಳು ಮಗಳು. “ನಿಮಗೆ ದಂಡ ಇಲ್ವಾ?”

ತಾತ ಕಣ್ಣು ತಗ್ಗಿಸಲಿಲ್ಲ.

“ಇದೆ ತಾಯಿ. ನನ್ನ ಕರೆ ಬಂದಾಗ ನಾನೂ ಹೊರೆ ಕಟ್ಕೊಂಡು ಓಡ್ತೀನಿ. ಮೊದ್ಲು ನಿಮ್ಮಪ್ಪ ಓಡ್ಲಿ.”